ಪಟ್ಟಿ ಬರೆಸಿದವರಿಗೆ ಮಾತ್ರ ನೆರಳು

ತೊಗರಿ ರಾಶಿ ಮುಗಿದು ಚೀಲಗಳು ಎಪಿಎಂಸಿಗೆ ಹೊರಟವೆಂದರೆ ಆ ಸುದ್ದಿ ರೈತನ ಮನೆಯವರಿಗಿಂತ ಮೊದಲು ತಲುಪುವುದು ಊರಿನ ಕಾರ್ಯಕ್ರಮ ಸಮಿತಿಯವರಿಗೆ. ನಮ್ಮ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಊರು ಯಾವುದೇ ಇರಲಿ, ಸಂಕ್ರಾಂತಿ ದಾಟಿ ಯುಗಾದಿ ಬರುವುದರೊಳಗೆ ಅಲ್ಲೊಂದು ಬಯಲು, ಒಂದು ಪೆಂಡಾಲು, ಒಂದು ಪಾವತಿ ಪುಸ್ತಕ ಇರಲೇಬೇಕು. ಮೂರರಲ್ಲಿ ಮೊದಲು ಸಿದ್ಧವಾಗುವುದು ಪಾವತಿ ಪುಸ್ತಕ. ಕಾರ್ಯಕ್ರಮ ಯಾತಕ್ಕೆ ಎಂಬುದು ಆಮೇಲಿನ ಮಾತು. ಪ್ರೆಸ್ಸಿನವನು ಜಾಣ, 'ಉದ್ದೇಶ' ಎಂಬ ಕಡೆ ಚುಕ್ಕಿ ಚುಕ್ಕಿ ಹಾಕಿ ಜಾಗ ಬಿಟ್ಟಿರುತ್ತಾನೆ.

ಈ ಸಲದ ಉದ್ದೇಶ ಸರ್ಕಾರಿ ಶಾಲೆಯ ಸೋರುವ ಮಾಳಿಗೆ ಎಂದೇ ಇಟ್ಟುಕೊಳ್ಳೋಣ. ಸಮಿತಿಯ ಐದು ಜನ ಎರಡು ಬೈಕಿನ ಮೇಲೆ ಬಜಾರಕ್ಕೆ ಇಳಿಯುತ್ತಾರೆ. ಮೊದಲ ಅಂಗಡಿಯಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಎಲ್ಲ ಅಂಗಡಿಗಳಲ್ಲೂ ಇದೇ:

"ಸಾವ್ಕಾರ್ರ, ನಿಮ್ ಹೆಸರಿಗಿ ಹತ್ತು ಸಾವಿರ ಬರ್ದೀವ್ರಿ."

"ಹ್ವಾದ ವರ್ಷ ಐದು ಕೊಟ್ಟಿನಲ್ಲ, ನನ್ ಫೋಟೋ ಬೆರಳಷ್ಟು ಹಾಕಿದ್ರಿ."

"ಈ ಸಲ ಗೇಟಿಗೇ ಹಾಕ್ತೀವ್ರಿ. ಶಾಲ್ ಬ್ಯಾರೆ ಅದ."

"ಸ್ಟೇಜ್ ಮ್ಯಾಲ ಕುರ್ಚಿ?"

"ಮೊದಲನೇ ಲೈನಿಗೇ ರೀ."

"ಹಂಗಾದ್ರ ಹದಿನೈದು ಬರ್ಕೋರಿ. ಖರೇ, ಸಾಲಿ ಯಾವ್ದು?"

"ಯಾವ್ದರೆ ಒಂದು ನೋಡಮ್ರಿ."

ಅಂಗಡಿ ಮುಗಿದ ಮೇಲೆ ಕಾರ್ಖಾನೆ. ನಮ್ಮ ನೆಲದ ಹೊಟ್ಟೆಯಲ್ಲಿ ಸುಣ್ಣದಕಲ್ಲು ಇರುವುದರಿಂದ ನೆಲದ ಮೇಲೆ ಸಿಮೆಂಟು ಕಾರ್ಖಾನೆಗಳಿವೆ. ವಾಡಿ, ಮಳಖೇಡ, ಸೇಡಂ, ಕೋಡ್ಲಾ ಎಲ್ಲೆಡೆ ಚಿಮಣಿ. ಕಾರ್ಖಾನೆ ಇದ್ದ ಮೇಲೆ ಸಿಎಸ್‌ಆರ್. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ನೂರಾ ನಲವತ್ನಾಲ್ಕನೇ ಕಲಂ ಹೊರತು ಬೇರೆ ಕಲಂ ಕೇಳದವರೂ ಇದೊಂದನ್ನು ಬಾಯಿಪಾಠ ಮಾಡಿದ್ದಾರೆ. ಆದರೆ ಒಂದು ತೊಡಕಿದೆ. ಒಂದು ದಿನದ ಕಾರ್ಯಕ್ರಮ, ಪ್ರಶಸ್ತಿ, ಜಾಹೀರಾತು ಇವು ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲವೆಂದು ಕೇಂದ್ರ ಸರ್ಕಾರ 2014ರಲ್ಲೇ ಸುತ್ತೋಲೆ ಹೊರಡಿಸಿದೆ. ಸಮಿತಿ ಇದಕ್ಕೆಲ್ಲ ಹೆದರುತ್ತದೆಯೇ? ಅರ್ಜಿಯ ಮೇಲೆ 'ಸಮಗ್ರ ಗ್ರಾಮೀಣ ಶೈಕ್ಷಣಿಕ ಸಬಲೀಕರಣ ಯೋಜನೆ' ಎಂದು ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ 'ಮೊದಲ ಹಂತ: ಉದ್ಘಾಟನಾ ಸಮಾರಂಭ' ಎಂದು ಸೇರಿಸುತ್ತದೆ. ಎರಡನೇ ಹಂತ ಏನೆಂದು ಕೇಳಿದ ಅಧಿಕಾರಿಯನ್ನು ನಾನಂತೂ ಕಂಡಿಲ್ಲ.

ಶಹಾಬಾದಿನ ಸಮಿತಿಗೆ ಆ ಭಾಗ್ಯ ಕಡಿಮೆ. ಅಲ್ಲಿ ದೊಡ್ಡ ಕಾರ್ಖಾನೆಗಳು ಬಾಗಿಲು ಹಾಕಿ ಕಾಲವಾಯಿತು. ಉಳಿದದ್ದು ಕಲ್ಲು. ದೇಶದ ಎಷ್ಟೋ ರೈಲು ನಿಲ್ದಾಣಗಳಿಗೆ, ಎಷ್ಟೋ ಮನೆಗಳ ಪಡಸಾಲೆಗೆ ಹಾಸಿದ ಶಹಾಬಾದಿ ಫರಸಿ ಇದೇ ನೆಲದ್ದು. ಆದರೂ ಸಮಾರಂಭದಲ್ಲಿ ನೆಡುವ ಅಡಿಗಲ್ಲು ಮಾತ್ರ ಹೊರಗಿನಿಂದ ತಂದ ಕರಿ ಗ್ರಾನೈಟು. ಹೆಸರು ಹೊಳೆಯಬೇಕಲ್ಲ! ಊರಿನ ಕಲ್ಲು ಅದೇ ಅಡಿಗಲ್ಲಿನ ಮುಂದೆ ಗಣ್ಯರ ಪಾದದಡಿ ಬಿದ್ದಿರುತ್ತದೆ.

ಇನ್ನು ಪರವಾನಗಿ. ಬಯಲಿನಲ್ಲಿ ಜನ ಸೇರಿಸುವುದು ಎಷ್ಟು ಭಾರಿ ಕೆಲಸವೆಂದು ಚಿತ್ತಾಪುರ 2025ರಲ್ಲಿ ಇಡೀ ರಾಜ್ಯಕ್ಕೆ ತೋರಿಸಿಕೊಟ್ಟಿತು. ಅಕ್ಟೋಬರ್ 19ಕ್ಕೆ ಆರೆಸ್ಸೆಸ್ ಪಥಸಂಚಲನಕ್ಕೆ ಅರ್ಜಿ. ಅದೇ ದಿನಕ್ಕೆ ಅದೇ ದಾರಿಗೆ ಭೀಮ್ ಆರ್ಮಿಯದೂ ಅರ್ಜಿ. ತಹಶೀಲ್ದಾರರು ಒಲ್ಲೆ ಎಂದರು. ಭಾನುವಾರ ಹೈಕೋರ್ಟಿನ ಕಲಬುರಗಿ ಪೀಠ ಕೂತು ಕೇಳಿತು. ಮುಂದಿನ ದಿನಾಂಕಕ್ಕೆ ಮತ್ತಷ್ಟು ಸಂಘಟನೆಗಳು ಅರ್ಜಿ ಹಿಡಿದು ನಿಂತವು. ಶಾಂತಿಸಭೆ ನಡೆಯಿತು, ಬೆಂಗಳೂರಿನಲ್ಲೂ ಸಭೆ ನಡೆಯಿತು. ಕೊನೆಗೆ ನವೆಂಬರ್ 16ಕ್ಕೆ 300 ಜನ, ಜೊತೆಗೆ 50 ವಾದ್ಯದವರು ಎಂಬ ಲೆಕ್ಕಕ್ಕೆ ಒಪ್ಪಿಗೆ ಸಿಕ್ಕಿತು. ಯಾರು ಗೆದ್ದರು ಎಂಬ ಜಗಳ ಇನ್ನೂ ಮುಗಿದಿಲ್ಲ, ನನಗೂ ಅದು ಬೇಕಿಲ್ಲ. ನಮ್ಮ ಸಮಿತಿಗಳು ಮಾತ್ರ ಅದರಿಂದ ತಮಗೆ ಬೇಕಾದ್ದನ್ನು ಕಲಿತವು: ಪಕ್ಕದ ಓಣಿಯವರು ಯಾವ ತಾರೀಖು ಕೇಳಿದ್ದಾರೋ ಅದನ್ನೇ ಕೇಳಬೇಕು. ಕಾರ್ಯಕ್ರಮ ನಡೆಯದಿದ್ದರೂ ಪೇಪರಿನಲ್ಲಿ ಬರುತ್ತದೆ, ಅದೂ ಪೆಂಡಾಲಿನ ಖರ್ಚಿಲ್ಲದೆ.

ಅದೇ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಇನ್ನೊಂದು ಆದೇಶ ಹೊರಡಿಸಿತ್ತು. ಸರ್ಕಾರಿ ಜಾಗದಲ್ಲಿ ಖಾಸಗಿ ಸಂಘದವರು ಹತ್ತಕ್ಕಿಂತ ಹೆಚ್ಚು ಜನ ಸೇರಬೇಕೆಂದರೆ ಮೊದಲೇ ಅನುಮತಿ ಬೇಕು ಎಂಬ ಆದೇಶ. ಹೈಕೋರ್ಟಿನ ಧಾರವಾಡ ಪೀಠ ಅದಕ್ಕೆ ತಡೆ ಕೊಟ್ಟಿತು. ತಡೆ ಕೊಡದಿದ್ದರೂ ನಮ್ಮ ಸಮಿತಿಗಳಿಗೆ ತೊಂದರೆ ಇರಲಿಲ್ಲ. ವೇದಿಕೆ ಮೇಲೆ ಕೂತವರನ್ನು ಬಿಟ್ಟು ಎಣಿಸಿದರೆ ಹತ್ತು ಜನ ದಾಟುವುದೇ ಅನುಮಾನ.

ಹಾಗೆಂದೇ ಮಕ್ಕಳು ಬೇಕು. ಸ್ತ್ರೀಶಕ್ತಿ ಸಂಘದ ಅಕ್ಕಂದಿರು ಬೇಕು. ಆಮಂತ್ರಣ ಪತ್ರಿಕೆಯಲ್ಲಿ ಬೆಳಿಗ್ಗೆ ಹತ್ತೂವರೆ ಎಂದಿರುತ್ತದೆ, ಮಕ್ಕಳು ಒಂಬತ್ತಕ್ಕೇ ಬಂದು ಬಯಲಿನಲ್ಲಿ ಸಾಲಾಗಿ ಕೂತಿರುತ್ತಾರೆ. (ಆ ಪತ್ರಿಕೆಯನ್ನು ಪೂರ್ತಿ ಬಿಡಿಸಿದರೆ ಸಣ್ಣದೊಂದು ಮಾಳಿಗೆ ಮುಚ್ಚಬಹುದು. ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಉಪಸ್ಥಿತಿ, ಕೊನೆಗೆ ಬರೀ ಉಪಸ್ಥಿತಿ. ಈ ಕೊನೆಯವರು ಐನೂರು ಕೊಟ್ಟವರು.) ಪೆಂಡಾಲಿನ ಬಟ್ಟೆ ವೇದಿಕೆಗೆ, ಮುಂದಿನ ಸೋಫಾಗಳಿಗೆ, ಅಡುಗೆಯವರಿಗೆ ಸಾಕಾಗುವಷ್ಟೇ ಬಂದಿರುತ್ತದೆ. ನಮ್ಮ ಕಡೆ ಮಾರ್ಚಿನ ಬಿಸಿಲೇ ಬೇರೆ ಜಿಲ್ಲೆಯವರ ಮೇ ತಿಂಗಳಿನಂತೆ. ಯಾರ ಮಾಳಿಗೆಗಾಗಿ ಇಷ್ಟೆಲ್ಲ ನಡೆದಿದೆಯೋ ಅವರ ತಲೆ ಮೇಲೆ ಮಾತ್ರ ಏನೂ ಇಲ್ಲ. ಗಣ್ಯರಿಗೆ ಕೂಲರು ಎರಡು, ಅದರಲ್ಲಿ ಒಂದು ಕೆಟ್ಟಿದ್ದರೆ ಸಮಿತಿಯಲ್ಲಿ ರಾಜೀನಾಮೆಯೇ ಆಗಿಹೋಗುತ್ತದೆ.

ಒಂದೂವರೆಗೆ ಕಾರುಗಳು ಬರುತ್ತವೆ. ಆಮೇಲೆ ಸನ್ಮಾನ. ಹತ್ತು ಸಾವಿರದವರಿಗೆ ಶಾಲು, ಹದಿನೈದರವರಿಗೆ ಶಾಲು ಮತ್ತು ಪೇಟ, ಇಪ್ಪತ್ತೈದರವರಿಗೆ ಶಾಲು, ಪೇಟ, ಕಟ್ಟು ಹಾಕಿಸಿದ ಬಸವಣ್ಣನ ಫೋಟೋ. ಕಾಯಕ ದಾಸೋಹ ಕಲಿಸಿದ ಬಸವಣ್ಣ ಇಪ್ಪತ್ತೈದು ಸಾವಿರದ ಕೆಳಗೆ ಸಿಗುವುದಿಲ್ಲ. ಸಾವಿರದವರಿಗೆ ಗುಲಾಬಿ, ಅಷ್ಟು ಹೊತ್ತಿಗೆ ಅದು ಬಾಡಿರುತ್ತದೆ. ಶಾಲೆಯ ಹೆಡ್‌ಮೇಡಂ ಮಾಳಿಗೆ ಬಗ್ಗೆ ಎರಡು ಮಾತು ಆಡಲು ಚೀಟಿ ಬರೆದುಕೊಂಡು ಬಂದಿರುತ್ತಾರೆ. 'ಸಮಯದ ಅಭಾವದಿಂದ' ಎಂದು ನಿರೂಪಕರು ಅವರನ್ನು ಸ್ವಾಗತ ಗೀತೆಗೇ ಮುಗಿಸಿಬಿಡುತ್ತಾರೆ.

ಊಟವನ್ನು ಮೊದಲೇ ಬಡಿಸಿದರೆ ಜನ ಎದ್ದು ಹೋಗುತ್ತಾರೆ ಎಂಬುದು ಸಮಿತಿಗೆ ಗೊತ್ತು. ಹುಗ್ಗಿಯ ಪಾತ್ರೆಗೆ ಕಾವಲು ಇರುತ್ತದೆ. ವಂದನಾರ್ಪಣೆ ಮುಗಿಯದೆ ಮುಚ್ಚಳ ತೆಗೆಯುವಂತಿಲ್ಲ.

ಚಿಂಚೋಳಿ ಕಡೆಯ ಸಮಿತಿಗಳ ರುಚಿ ಬೇರೆ. ಅಲ್ಲಿ 2011ರಿಂದ ವನ್ಯಜೀವಿಧಾಮ ಇದೆ, ಚಂದ್ರಂಪಳ್ಳಿಯ ಕೆರೆ ಇದೆ. ಆದ್ದರಿಂದ ಉದ್ದೇಶದ ಚುಕ್ಕಿಗಳ ಮೇಲೆ 'ಪರಿಸರ' ಬಂದು ಕೂರುತ್ತದೆ. ಕಾಡಿನ ಮಗ್ಗುಲಲ್ಲೇ ಡಿಜೆ ಹಚ್ಚಿ ಮೌನದ ಮಹತ್ವವನ್ನು ಸಾರುತ್ತಾರೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಸಮಿತಿ ನಿಯಮ ಮೀರುವುದಿಲ್ಲ, ತೋಳ ನರಿಗಳಿಗೆ ಹಗಲಿನಲ್ಲೇ ಪಾಠ ಮುಗಿಸುತ್ತದೆ. ಸಂಜೆ ಅವರು ಬಿಟ್ಟುಹೋದ ನೀರಿನ ಪಾಕೀಟುಗಳನ್ನು ಗಾಳಿ ಕಾಡಿನೊಳಗೆ ಒಯ್ಯುತ್ತದೆ.

ಬಯಲಿನಲ್ಲಿ ಜನ ಸೇರಿಸುವ ಕಲೆ ನಮಗೆ ಗೊತ್ತಿಲ್ಲ ಎಂದಲ್ಲ. ಸೇಡಂ ಹತ್ತಿರವೇ 2025ರ ಜನವರಿ ಕೊನೆಗೆ ಶುರುವಾದ ಭಾರತೀಯ ಸಂಸ್ಕೃತಿ ಉತ್ಸವ ಒಂಬತ್ತು ದಿನ ನಡೆಯಿತು. ಅದಕ್ಕೂ ಹಳೆಯ ಪಾಠ ಜಾತ್ರೆಗಳದ್ದು. ನಾಗಾವಿ ಎಲ್ಲಮ್ಮನ ಜಾತ್ರೆಗೆ, ನಾಲವಾರದ ಕೋರಿಸಿದ್ಧೇಶ್ವರ ಜಾತ್ರೆಗೆ ಜನ ತಾವೇ ಬರುತ್ತಾರೆ, ನಿರೂಪಕರ ಹಂಗಿಲ್ಲ. ಕಲಬುರಗಿ ಶರಣಬಸವೇಶ್ವರರ ದಾಸೋಹಕ್ಕೆ ಪಾವತಿ ಪುಸ್ತಕದಿಂದ ಹೆಸರು ಬಂದದ್ದಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಯಿಂದ ಜೋಳದ ರೊಟ್ಟಿ ಚೀಲಗಟ್ಟಲೆ ಬಂದು ಬೀಳುತ್ತವೆ. ಆ ರೊಟ್ಟಿ ಬಡಿದ ಮುದುಕಿಗೆ ಯಾರೂ ಪೇಟ ತೊಡಿಸಿಲ್ಲ, ಅವಳು ಗೇಟಿನ ಮೇಲೆ ಫೋಟೋ ಕೇಳಿಯೂ ಇಲ್ಲ. ನಮ್ಮ ಸಮಿತಿಯವರು ಅಲ್ಲಿಗೂ ಹೋಗಿ ಬಂದಿದ್ದಾರೆ, ಸೆಲ್ಫಿ ಇದೆ.

ಕಾರ್ಯಕ್ರಮ ಮುಗಿದು ಹದಿನೈದು ದಿನಕ್ಕೆ ಲೆಕ್ಕದ ಸಭೆ. ನಮ್ಮ ಉದಾಹರಣೆಯ ಸಮಿತಿಯದು ಹೀಗಿರಬಹುದು. ಎತ್ತಿದ ಪಟ್ಟಿ 3,40,000. ಪೆಂಡಾಲು, ಸೌಂಡು, ಕುರ್ಚಿ, ಕೂಲರು 95,000. ಶಾಲು, ಪೇಟ, ಹಾರ, ಫೋಟೋ 1,10,000. ಫ್ಲೆಕ್ಸು, ಪತ್ರಿಕೆ, ಗೇಟು 60,000. ಊಟ 70,000. ಗಣ್ಯರ ಕಾರಿನ ಡೀಸೆಲ್ಲು 15,000. ಕೂಡಿಸಿದರೆ 3,50,000. ಮಾಳಿಗೆ ರಿಪೇರಿಗೆ ಉಳಿದದ್ದು ಹತ್ತು ಸಾವಿರ ಸಾಲ.

ಸಾಲ ಯಾರಿಗೆ? ಪೆಂಡಾಲಿನವನಿಗೆ. ಪಾಪ, ಅವನೊಬ್ಬನೇ ಆ ದಿನ ಗುಂಡಿ ತೋಡಿ, ಬಂಬು ನೆಟ್ಟು, ಹಗ್ಗ ಬಿಗಿದು ನಿಜವಾಗಿ ಏನನ್ನಾದರೂ ಕಟ್ಟಿದವನು. ಬಾಕಿ ಕೇಳಲು ಬಂದವನನ್ನು ಸಮಿತಿ ಬರಿಗೈಲಿ ಕಳಿಸುವುದಿಲ್ಲ. ಚಹಾ ಕುಡಿಸಿ, ಹೆಗಲ ಮೇಲೆ ಕೈ ಹಾಕಿ, ಅಧ್ಯಕ್ಷರೇ ಹೇಳುತ್ತಾರೆ:

"ತಮ್ಮಾ, ಆ ಹತ್ತು ಸಾವಿರ ನಿನ್ ದೇಣಿಗಿ ಅಂತ ಬರ್ಕೋತೀವಿ. ಬರೋ ವರ್ಷ ನೀನೇ ಗೌರವಾಧ್ಯಕ್ಷ."

ಅವನು ಬೈಯಬಹುದಿತ್ತು. ಪೊಲೀಸ್ ಠಾಣೆಗೆ ಹೋಗಬಹುದಿತ್ತು. ಅವನೂ ಈ ಊರಿನವನೇ ಅಲ್ಲವೇ, ಕಪ್ಪು ಕೆಳಗಿಟ್ಟು ಸ್ವಲ್ಪ ಯೋಚಿಸಿ ಕೇಳುತ್ತಾನೆ: "ಫೋಟೋ ಎಷ್ಟ್ ದೊಡ್ಡದು ಹಾಕ್ತೀರಿ?"