ಬೃಹತ್ಕೂರ್ಮ ಗೃಹಪ್ರವೇಶ: ಒಂದು ಬಹುಶಿಸ್ತೀಯ ಅನುಸಂಧಾನ

ಪಂಪನಿಂದ ಪಂಚಾಯತ್ ರಾಜ್ಯದವರೆಗೆ ಕನ್ನಡದ ಸಂಶೋಧಕರು ಮುಟ್ಟದ ವಿಷಯವಿಲ್ಲ ಎಂಬ ನಂಬಿಕೆ ವಿಶ್ವವಿದ್ಯಾಲಯಗಳ ಆವರಣದಲ್ಲಿ ಬೇರೂರಿದೆ. ಪ್ರಸ್ತುತ ಪ್ರಬಂಧ ಆ ನಂಬಿಕೆಯನ್ನು ಮುರಿದು ಕಟ್ಟುತ್ತದೆ. ದೊಡ್ಡ ಗಾತ್ರದ ನೆಲದ ಆಮೆಯೊಂದನ್ನು ಕೊಂಡು ಅಥವಾ ದತ್ತು ಪಡೆದು ಮನೆಯಲ್ಲಿಟ್ಟುಕೊಳ್ಳುವ ಕ್ರಿಯೆಯ ಬಗ್ಗೆ ಎರಡು ದಿನಗಳ ಒಂದಾದರೂ ರಾಜ್ಯಮಟ್ಟದ ವಿಚಾರ ಸಂಕಿರಣ ನಡೆದಂತಿಲ್ಲ. ಈ ಮೌನವೇ ಒಂದು ಕಥನ. ಆ ಕಥನವನ್ನು ಪ್ರಶ್ನಿಸುವುದು, ಪ್ರಶ್ನೆಯನ್ನು ಸಮಸ್ಯೀಕರಿಸುವುದು, ಸಮಸ್ಯೆಯನ್ನು ಅಲ್ಲೇ ಬಿಟ್ಟು ಊಟಕ್ಕೆ ಏಳುವುದು ಈ ಅಧ್ಯಯನದ ಮೂರು ಉದ್ದೇಶಗಳು.

ಮೊದಲಿಗೆ ಪರಿಕಲ್ಪನಾತ್ಮಕ ಚೌಕಟ್ಟು. ಚೌಕಟ್ಟಿಲ್ಲದ ಪ್ರಬಂಧಕ್ಕೆ ಮಾರ್ಗದರ್ಶಕರು ಸಹಿ ಹಾಕುವುದಿಲ್ಲ. ಹಾಗಾಗಿ ಆಮೆ ಸಾಕುವುದನ್ನು ಇಲ್ಲಿ 'ಕೂರ್ಮಕೇಂದ್ರಿತ ಗೃಹಾಂತರ್ಗತ ಸಹಜೀವನ ಪ್ರಕ್ರಿಯೆ' ಎಂದು ನಿರ್ವಚಿಸಲಾಗಿದೆ. ಆಮೆ ನಿಧಾನವಾಗಿ ನಡೆಯುವುದನ್ನು 'ಗತಿಮಾಂದ್ಯದ ಸೌಂದರ್ಯಮೀಮಾಂಸೆ' ಎಂದೂ, ಅದು ತಲೆ ಒಳಗೆಳೆದುಕೊಳ್ಳುವುದನ್ನು 'ಪ್ರಭುತ್ವಕ್ಕೆ ಒಡ್ಡಿದ ಅಂತರ್ಮುಖಿ ಪ್ರತಿರೋಧ' ಎಂದೂ, ಮನೆಯವರು ಅದಕ್ಕೆ ಸೊಪ್ಪು ಹಾಕಲು ಮರೆಯುವುದನ್ನು 'ಪೋಷಣಾತ್ಮಕ ನಿರ್ವಾತ' ಎಂದೂ ಕರೆಯಲಾಗಿದೆ.

ಇನ್ನು ಪೂರ್ವಸೂರಿಗಳ ಸಮೀಕ್ಷೆ. ಕೂರ್ಮ ಪುರಾಣದ ವಿಷ್ಣು ಮಂದರ ಪರ್ವತವನ್ನೇ ಬೆನ್ನ ಮೇಲೆ ಹೊತ್ತಿದ್ದಾನೆ. ಗೀತೆಯ ಎರಡನೆಯ ಅಧ್ಯಾಯ ಇಂದ್ರಿಯನಿಗ್ರಹಕ್ಕೆ ಆಮೆಯನ್ನೇ ಮಾದರಿಯಾಗಿ ತೋರಿಸುತ್ತದೆ. ಗ್ರೀಕ್ ತತ್ವಜ್ಞಾನಿ ಜೀನೋ ಎಂಬಾತ ಅಕಿಲೀಸನಂಥ ಓಟಗಾರನೂ ಆಮೆಯನ್ನು ಹಿಂದಿಕ್ಕಲಾರ ಎಂದು ವಾದಿಸಿದ. ಪಠ್ಯಪುಸ್ತಕದ ಮೊಲ ಅದನ್ನು ಮಲಗಿಯೇ ಸಾಬೀತು ಮಾಡಿತು. ನಾಲ್ಕೂ ಆಕರಗಳು ಆಮೆಗೆ ಏನು ತಿನ್ನಿಸಬೇಕೆಂಬ ವಿಷಯದಲ್ಲಿ ಗಾಢ ಮೌನ ತಾಳಿವೆ. ಜನಪದ ಆಕರಗಳಂತೂ ಪರಸ್ಪರ ವಿರುದ್ಧ. ಆಂಧ್ರದ ಶ್ರೀಕೂರ್ಮಂನಲ್ಲಿ ಆಮೆ ಗರ್ಭಗುಡಿಯ ದೇವರು. ತಮಿಳರಲ್ಲಿ ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಎರಡೂ ಉದ್ಧಾರವಾಗುವುದಿಲ್ಲ ಎಂಬ ಗಾದೆ. ಬೆಂಗಳೂರಿನ ವಾಸ್ತು ಪಂಡಿತರು ಈ ವೈರುಧ್ಯವನ್ನು ಉತ್ತರ ದಿಕ್ಕಿನಲ್ಲಿ ಒಂದು ತಟ್ಟೆ ನೀರಿಟ್ಟು ಪರಿಹರಿಸಿದ್ದಾರೆ.

ಅಧ್ಯಯನದ ಅನುಕೂಲಕ್ಕಾಗಿ ಆಮೆ ಸಾಕುವವರನ್ನು ಹನ್ನೊಂದು ವರ್ಗಗಳಾಗಿ ವಿಂಗಡಿಸಲಾಗಿದೆ.

ಒಂದನೆಯ ವರ್ಗ, ಐಶ್ವರ್ಯಾಪೇಕ್ಷಿ ಕೂರ್ಮಧಾರಕರು. ಇವರ ವಿಕಾಸ ನಾಲ್ಕು ಘಟ್ಟಗಳಲ್ಲಿ ನಡೆಯುತ್ತದೆ. ಮೊದಲು ಬೆರಳಿಗೆ ಆಮೆ ಉಂಗುರ, ಅದರ ಮುಖ ತಮ್ಮ ಕಡೆಗೆ. ಆಮೇಲೆ ಪೂಜಾ ಸಾಮಗ್ರಿ ಅಂಗಡಿಯ ಹಿತ್ತಾಳೆ ಆಮೆ. ಅದೂ ಫಲ ಕೊಡದಿದ್ದರೆ ಸ್ಫಟಿಕದ್ದು. ಸ್ಫಟಿಕದಿಂದಲೂ ಸಾಲ ತೀರದಿದ್ದಾಗ ಸಜೀವ ಆಮೆ. ಉಗುರು ಎಣಿಸಿ ಬೆಲೆ ಕಟ್ಟುವುದು ಈ ಘಟ್ಟದಲ್ಲಿ. ಇಪ್ಪತ್ತು ಉಗುರಿದ್ದರೆ ಲಕ್ಷ್ಮಿ ಬಂದು ನೆಲೆಸುತ್ತಾಳಂತೆ. ನೆಲೆಸುವುದು ಮಾರಿದವನ ಮನೆಯಲ್ಲಿ.

ಎರಡನೆಯ ವರ್ಗ, ಪ್ರದರ್ಶನನಿಷ್ಠರು. ಇವರ ಆಮೆ ಪರದೇಶದ್ದೇ ಆಗಿರಬೇಕು. ಸೆನೆಗಲ್‌ನಿಂದ ಇಥಿಯೋಪಿಯಾವರೆಗಿನ ಸಾಹೇಲ್ ಎಂಬ ಒಣ ಸೀಮೆಯ ಸಲ್ಕಾಟಾ ಆಮೆ ಇವರ ಅಚ್ಚುಮೆಚ್ಚು. ಅದು ರೀಲ್ಸಿನಲ್ಲಿ ಸ್ಟ್ರಾಬೆರಿ ತಿನ್ನುತ್ತದೆ. ಸಾಹೇಲ್‌ನಲ್ಲಿ ಅದು ತಿನ್ನುವುದು ಒಣಹುಲ್ಲು.

ಮೂರನೆಯವರು ಅಲ್ಪಶ್ರಮವಾದಿಗಳು. ನಾಯಿ ಬೊಗಳುತ್ತದೆ, ಬೆಕ್ಕು ಸೋಫಾ ಪರಚುತ್ತದೆ, ಆಮೆ ಸುಮ್ಮನಿರುತ್ತದೆ ಎಂಬುದು ಇವರ ತತ್ವ. ಇಂಥವರೊಬ್ಬರು ಅಂಗಡಿಯಲ್ಲಿ ಮರಿ ಕೊಳ್ಳುವಾಗ ನಡೆಯುವ ಸಂವಾದವನ್ನು ಕ್ಷೇತ್ರಕಾರ್ಯದ ಮಾದರಿಯಾಗಿ ದಾಖಲಿಸಬಹುದು:

"ಎಷ್ಟು ದೊಡ್ಡದಾಗುತ್ತಪ್ಪಾ ಇದು?"

"ನೀವು ಹೆಂಗ್ ಬೆಳೆಸ್ತೀರೋ ಹಂಗೆ ಸಾರ್. ಸಣ್ಣ ಟ್ಯಾಂಕಲ್ಲಿಟ್ರೆ ಸಣ್ಣದಾಗೇ ಇರುತ್ತೆ."

ಸಣ್ಣದಾಗಿ ಇರುವುದಿಲ್ಲ. ಅಂಗೈಯಲ್ಲಿ ಕೂತ ಆ ಎರಡಿಂಚಿನ ಸಲ್ಕಾಟಾ ಮರಿ ಗಂಡಾಗಿದ್ದರೆ ಮುಂದೆ 45 ಕಿಲೋ ದಾಟಬಹುದು. ಭೂಖಂಡಗಳ ನೆಲದಲ್ಲಿರುವ ಆಮೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ, ದೊಡ್ಡವು ದ್ವೀಪಗಳಲ್ಲಿವೆ. ತವರಿನ ಬಿಸಿಲಿಗೆ ಅದು ಕಂಡುಕೊಂಡ ಉಪಾಯ ಬಿಲ ತೋಡುವುದು, ಅದೂ ಆಳುದ್ದಕ್ಕೂ ಮಿಗಿಲಾದ ಬಿಲ. ಥರ್ಟಿ-ಫಾರ್ಟಿ ಸೈಟಿನಲ್ಲಿ ಅದು ತೋಡಲು ಹೊರಟರೆ ಮೊದಲು ಸಿಗುವುದು ಸ್ಯಾನಿಟರಿ ಪೈಪು, ಆಮೇಲೆ ಪಕ್ಕದ ಮನೆಯವರ ತಕರಾರು. ಎರಡನೇ ಮಹಡಿಯ ಬಾಲ್ಕನಿಯಲ್ಲಿ ತೋಡಲು ಏನೂ ಇಲ್ಲ. ಅಲ್ಲಿ ಅದು ವಿಟ್ರಿಫೈಡ್ ಟೈಲ್ಸನ್ನು ಮುಂಗಾಲಿನಿಂದ ಕೆರೆಯುತ್ತಲೇ ಇರುತ್ತದೆ.

ನಾಲ್ಕರಿಂದ ಹನ್ನೊಂದನೆಯವರೆಗಿನ ವರ್ಗಗಳನ್ನು ಇಲ್ಲಿಗೆ ಕೈಬಿಡಲಾಗಿದೆ. ಅವರೆಲ್ಲ ಮೊದಲ ಮೂವರ ನೆಂಟರು.

ಈಗ ಪ್ರಬಂಧದ ತಿರುಳು, ಅಂದರೆ ಕಾಲದ ಪ್ರಶ್ನೆ. ಕೋಲ್ಕತ್ತದ ಆಲಿಪುರ ಮೃಗಾಲಯದಲ್ಲಿ ಅದ್ವೈತ ಎಂಬ, ಅಲ್ಡಾಬ್ರಾ ದ್ವೀಪದ ದೈತ್ಯ ಜಾತಿಯ ಆಮೆಯಿತ್ತು. ಅದು ಒಂದು ಕಾಲಕ್ಕೆ ರಾಬರ್ಟ್ ಕ್ಲೈವನ ಸಾಕುಪ್ರಾಣಿಯಾಗಿತ್ತೆಂದು ಪ್ರತೀತಿ. ಸತ್ತದ್ದು 2006ರ ಮಾರ್ಚಿನಲ್ಲಿ. ವಯಸ್ಸು 250ರ ಆಸುಪಾಸು ಎನ್ನುವವರಿದ್ದಾರೆ. ಆ ಲೆಕ್ಕ ನಿಜವಾದರೆ ಅದು ಪ್ಲಾಸಿ ಕದನದ ಕಾಲದಿಂದ ಸೌರವ್ ಗಂಗೂಲಿಯ ನಾಯಕತ್ವ ಹೋಗುವವರೆಗೆ ಎಲ್ಲವನ್ನೂ ಕಂಡು ಏನೂ ಮಾತಾಡದೆ ಸತ್ತ ಏಕೈಕ ಬಂಗಾಳಿ. ಕ್ಲೈವ್ ಸತ್ತಿದ್ದು 1774ರಲ್ಲಿ, ನಲವತ್ತೊಂಬತ್ತನೇ ವಯಸ್ಸಿಗೆ. ಆಮೆ ಕೊಳ್ಳುವ ಮುನ್ನ ಸಂತಾನಕ್ಕೆ ಏನು ಏರ್ಪಾಡು ಮಾಡಬೇಕೆಂದು ಅವನೂ ಯೋಚಿಸಿದಂತಿಲ್ಲ.

ಸೇಂಟ್ ಹೆಲೆನಾ ದ್ವೀಪದ ಜೋನಾಥನ್ ಎಂಬ ಆಮೆ ಇನ್ನೊಂದು ನಿದರ್ಶನ. 1882ರಲ್ಲಿ ಸೀಶೆಲ್ಸ್‌ನಿಂದ ಬಂದಾಗಲೇ ಅದು ಪೂರ್ತಿ ಬೆಳೆದಿತ್ತು. ಹಾಗಾಗಿ ಹುಟ್ಟಿದ್ದು 1832ರ ಸುಮಾರು ಎಂದು ಅಂದಾಜು. 2022ರಲ್ಲಿ ದ್ವೀಪದವರು ಅದರ 190ನೆಯ ಹುಟ್ಟುಹಬ್ಬ ಆಚರಿಸಿದರು. ಅದರ ವಾಸ ಗವರ್ನರ್ ಬಂಗಲೆಯ ಹುಲ್ಲುಹಾಸು. ಎಷ್ಟೋ ಗವರ್ನರ್‌ಗಳು ಬಂದು ಹೋದರು. ಕಣ್ಣಿಗೆ ಪೊರೆ ಬಂದು ದೃಷ್ಟಿ ಹೋಗಿದೆ, ವಾಸನೆಯೂ ಹತ್ತುವುದಿಲ್ಲ. ಪಶುವೈದ್ಯರು ಕೈಯಾರೆ ಹಣ್ಣು ತರಕಾರಿ ತಿನ್ನಿಸಿದ ಮೇಲೆಯೇ ಅದು ಚೇತರಿಸಿಕೊಂಡಿದ್ದು. ಸರ್ಕಾರಿ ಬಂಗಲೆಯ ಆಮೆಗೆ ಇಷ್ಟು ಆರೈಕೆ ಬೇಕಾದರೆ ಜಯನಗರದ ಆಮೆಗೆ ಎಷ್ಟು ಬೇಕು ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ಯಜಮಾನ ಸತ್ತ ಮೇಲೂ ಬದುಕುವ ಆಮೆ ಯಾರ ಪಾಲಿಗೆ ಎಂಬಲ್ಲಿಂದ ವಿಷಯ ಧರ್ಮಶಾಸ್ತ್ರಕ್ಕೆ ಹೊರಳುತ್ತದೆ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಬರೆದ 'ಮಿತಾಕ್ಷರ'ದ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ಜೀಮೂತವಾಹನನ 'ದಾಯಭಾಗ'ದ ಪ್ರಕಾರ ಅಪ್ಪ ಸತ್ತ ಮೇಲೆ ಹಕ್ಕು. ಹೀಗಾಗಿ ಅದ್ವೈತನ ಪ್ರಕರಣದಲ್ಲಿ ವಾರಸುದಾರರು ಕಾಯಬೇಕಿತ್ತು. ಬಸವಕಲ್ಯಾಣದಲ್ಲಾದರೆ ತೊಟ್ಟಿಲಲ್ಲಿರುವ ಕೂಸೂ ಆಮೆಯ ಪಾಲುದಾರ. ಆದರೆ ಪ್ರಾಯೋಗಿಕವಾಗಿ ನೋಡಿದರೆ ಅಪ್ಪ ಸತ್ತ ಮೇಲೆ ಮಕ್ಕಳು ಸೈಟಿಗಾಗಿ ಕೋರ್ಟು ಹತ್ತುತ್ತಾರೆ, ಒಡವೆಗಾಗಿ ಮಾತು ಬಿಡುತ್ತಾರೆ, ಆಮೆಯನ್ನು ಮಾತ್ರ "ನೀನೇ ಇಟ್ಕೋ ಅಣ್ಣಾ" ಎಂದು ಧಾರಾಳವಾಗಿ ಬಿಟ್ಟುಕೊಡುತ್ತಾರೆ. ಅಣ್ಣನ ಹೆಂಡತಿಗೆ ಆಮೆ ಆಗುವುದಿಲ್ಲ. ಸಲ್ಕಾಟಾ ಎಪ್ಪತ್ತು ವರ್ಷ ಬದುಕಬಲ್ಲದು. ಐವತ್ತು ದಾಟಿದವರೊಬ್ಬರು ಅದರ ಮರಿ ಕೊಂಡರೆ, ಆ ಆಮೆಯ ಮಧ್ಯವಯಸ್ಸಿನ ಹೊಣೆ ಇನ್ನೂ ಮದುವೆಯಾಗದ ಮಗಳ ಮೇಲೆ ಬೀಳುತ್ತದೆ.

ಕಾನೂನಿನ ಅಧ್ಯಾಯ ಚಿಕ್ಕದು, ಏಕೆಂದರೆ ಕಾನೂನು ಸ್ಪಷ್ಟವಾಗಿದೆ. ನಮ್ಮ ನೆಲದ ನಕ್ಷತ್ರ ಆಮೆಯನ್ನು ಸಾಕುವಂತಿಲ್ಲ, ಮಾರುವಂತಿಲ್ಲ, ಉಡುಗೊರೆ ಕೊಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಅದನ್ನು ಒಂದನೇ ಷೆಡ್ಯೂಲಿಗೆ ಏರಿಸಿದೆ. ಸಿಕ್ಕಿಬಿದ್ದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಸಲ್ಕಾಟಾ, ಅಲ್ಡಾಬ್ರಾದಂಥ ಪರದೇಶಿಗಳನ್ನು ಇಟ್ಟುಕೊಂಡವರು 2024ರ ಫೆಬ್ರುವರಿಯಲ್ಲಿ ಬಂದ ನಿಯಮಗಳಂತೆ ಕೇಂದ್ರ ಸರ್ಕಾರದ ಪರಿವೇಷ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೆ, ಸತ್ತರೆ, ಕೈ ಬದಲಾದರೆ ತಿಳಿಸಬೇಕು. ಅಂಗಡಿಯವ ಹೇಳುವ "ಫಾರಿನ್ನು ಸಾರ್, ಏನೂ ಪ್ರಾಬ್ಲಮ್ ಇಲ್ಲ" ಎಂಬುದು ಹಳೆಯ ಮಾತು. ಮಾರಾಟವೆಂದರೆ ಸಿಕ್ಕಿಬೀಳುತ್ತೇವೆಂದು ಗೊತ್ತಿರುವ ದಲ್ಲಾಳಿಗಳು ಈಗ ನಕ್ಷತ್ರ ಆಮೆಯನ್ನೂ 'ದತ್ತು' ಕೊಡುತ್ತಾರೆ. ದತ್ತಿನ ಜೊತೆ 'ಸಾಗಣೆ ವೆಚ್ಚ' ಕೆಲವು ಸಾವಿರ.

ಚೌಕಟ್ಟು ಇಲ್ಲಿಗೆ ಸಾಕು.

ಆ ನಕ್ಷತ್ರ ಆಮೆ ಬರುವುದು ಕೋಲಾರದಾಚೆಯ, ಚಿತ್ತೂರು ಅನಂತಪುರದ ಕಡೆಯ ಕುರುಚಲು ಬಯಲಿನಿಂದ. ಮಳೆ ಬಿದ್ದು ಹುಲ್ಲು ಚಿಗುರಿದಾಗ ಹೊರಬರುವ ಅದನ್ನು ಹಿಡಿಯಲು ಬಲೆ ಬೇಡ, ಓಡಬೇಕಾಗಿಲ್ಲ, ಬಗ್ಗಿ ಎತ್ತಿಕೊಂಡರಾಯಿತು. ಆಂಧ್ರದ ಒಂದೇ ಒಂದು ಕೇಂದ್ರದಿಂದ ವರ್ಷಕ್ಕೆ ಕಡಿಮೆಯೆಂದರೂ 55,000 ಆಮೆಗಳು ಸಾಗುತ್ತಿವೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಆ ಅಧ್ಯಯನದಲ್ಲಿ ಮೀಮಾಂಸೆಯಿಲ್ಲ, ಎಣಿಕೆಯಿದೆ. ಕಾಲು ಹೊರಬರದಂತೆ ಟೇಪು ಸುತ್ತಿ, ಕಾಲುಚೀಲದಲ್ಲಿ ತುರುಕಿ, ಸೂಟ್‌ಕೇಸಿನ ಬಟ್ಟೆಗಳ ನಡುವೆ ಅಡುಕಿ ಚೆನ್ನೈ, ಬೆಂಗಳೂರು ವಿಮಾನ ನಿಲ್ದಾಣಗಳ ಮೂಲಕ ಅವನ್ನು ಕಳಿಸುತ್ತಾರೆ. 2018ರ ನವೆಂಬರಿನಲ್ಲಿ ಸಿಂಗಾಪುರದಿಂದ 51 ನಕ್ಷತ್ರ ಆಮೆಗಳು ವಿಮಾನದಲ್ಲೇ ಬೆಂಗಳೂರಿಗೆ ಮರಳಿದವು. ಅಂಥ ಸುದ್ದಿ ಪತ್ರಿಕೆಯಲ್ಲಿ ಬರುವುದು ಅಪರೂಪವೆಂಬ ಕಾರಣಕ್ಕೆ. ಉಳಿದ ಸಾವಿರಾರು ಮರಳುವುದಿಲ್ಲ. ಬಚಾವಾದವನ್ನೂ ಸಿಕ್ಕ ಕಡೆ ಬಿಡುವಂತಿಲ್ಲ. ಯಾವುದು ಯಾವ ಬಯಲಿನದೋ ಗೊತ್ತಿಲ್ಲದೆ ಬಿಟ್ಟರೆ ತಳಿ ಬೆರೆಯುತ್ತದೆ, ಅಂಟಿಕೊಂಡ ರೋಗ ಕಾಡಿನ ಆಮೆಗಳಿಗೂ ಹರಡುತ್ತದೆ.

ಮನೆ ಸೇರಿದವುಗಳ ಕಥೆ ನೋಡಿ. ಪೋಷಣಾತ್ಮಕ ನಿರ್ವಾತ ಎಂದಿತಲ್ಲ ಪ್ರಬಂಧ, ಅದು ಉಪವಾಸ. ಹೊಟ್ಟೆ ತುಂಬಿದ್ದರೂ ಉಪವಾಸ. ಹಾಲನ್ನ, ಬ್ರೆಡ್ಡು, ಟೊಮೆಟೊ ಹಾಕಿ ಟ್ಯೂಬ್‌ಲೈಟಿನ ಕೆಳಗೆ ಬೆಳೆಸಿದ ನಕ್ಷತ್ರ ಆಮೆಯನ್ನು ಕೈಗೆತ್ತಿಕೊಂಡರೆ ಚಿಪ್ಪಿನ ಅಂಚು ಹೆಬ್ಬೆರಳಿಗೆ ಒತ್ತಿದಷ್ಟು ಬಗ್ಗುತ್ತದೆ. ಬೆನ್ನಿನ ಒಂದೊಂದು ನಕ್ಷತ್ರವೂ ಗೋಪುರವಾಗಿ ಎದ್ದಿರುತ್ತದೆ. ಮಾಲೀಕರು ಅದನ್ನು ಚಂದವೆಂದುಕೊಂಡು ಫೋಟೋ ಹಾಕುತ್ತಾರೆ. ಮರಿಯಾಗಿದ್ದಾಗ ತೇವ ಸಾಲದೆ, ಆಹಾರ ಸರಿಹೋಗದೆ ಹಾಗಾಗುತ್ತದೆ. ನೇರ ಬಿಸಿಲಿಲ್ಲದೆ ಡಿ ವಿಟಮಿನ್ ಹುಟ್ಟದು, ಡಿ ಇಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತದು. ಗಾಜಿನ ಕಿಟಕಿ ಹಾದು ಬಂದ ಬಿಸಿಲಿನಲ್ಲಿ ಬೇಕಾದ ಕಿರಣವೇ ಇರುವುದಿಲ್ಲ. ಮೇಲ್ಕೊಕ್ಕು ಸವೆಯದೆ ಬೆಳೆದು ಬಾಯಿ ಮುಚ್ಚಲಾಗದು. ಕಾಲು ಮೈ ಎತ್ತದು. ಚಿಪ್ಪೆಂದರೆ ಪೆಟ್ಟಿಗೆಯೆಂದು ತಿಳಿದವರು ಅದಕ್ಕೆ ಬಣ್ಣ ಬಳಿಯುತ್ತಾರೆ, ದಾರ ಕಟ್ಟಲು ತೂತು ಕೊರೆಯುತ್ತಾರೆ. ಅದು ಅದರ ಬೆನ್ನೆಲುಬು, ಪಕ್ಕೆಲುಬು. ಮುಟ್ಟಿದರೆ ಗೊತ್ತಾಗುತ್ತದೆ, ಕೊರೆದರೆ ನೋಯುತ್ತದೆ. ಕೂಗಲು ಬಾರದು, ಅಷ್ಟೆ. ಅಲ್ಪಶ್ರಮವಾದಿಗಳು ಅದನ್ನೇ ಸಾಧುಸ್ವಭಾವ ಅನ್ನುತ್ತಾರೆ.

ಸರಿಯಾಗಿ ದತ್ತು ಕೊಡುವ ಕ್ರಮವೂ ಜಗತ್ತಿನಲ್ಲಿದೆ. ಅಮೆರಿಕದ ಅರಿಝೋನಾದಲ್ಲಿ ಮನೆಗಳಲ್ಲಿ ಹುಟ್ಟಿ ಬೆಳೆದ ಮರುಭೂಮಿ ಆಮೆಗಳನ್ನು ರಾಜ್ಯದ ವನ್ಯಜೀವಿ ಇಲಾಖೆಯೇ ದತ್ತು ಕೊಡುತ್ತದೆ. ಫೀನಿಕ್ಸ್‌ನ ಕನ್ನಡಿಗರೂ ಅರ್ಜಿ ಹಾಕಬಹುದು. ಆದರೆ ಹಿತ್ತಲಿನಲ್ಲಿ ಬೇಲಿ ಕಟ್ಟಿ, ಬಿಲ ಮಾಡಿ, ಅದರ ಫೋಟೋ ಕಳಿಸಿದ ಮೇಲೆಯೇ ಆಮೆ ಬರುವುದು. ಆಮೇಲೆ ಬೇಸರವಾಯಿತೆಂದು ಮರುಭೂಮಿಗೆ ಬಿಡುವಂತಿಲ್ಲ. ನಮ್ಮಲ್ಲಿ ಜಾಗ ನೋಡುವುದು ಕಳ್ಳರು. ಮಹಾಬಲಿಪುರದ ಬಳಿಯ ಮದ್ರಾಸ್ ಮೊಸಳೆ ಬ್ಯಾಂಕಿನಿಂದ 2021ರ ನವೆಂಬರಿನಲ್ಲಿ ಅಲ್ಡಾಬ್ರಾ ಆಮೆಯೊಂದನ್ನೇ ಹೊತ್ತುಕೊಂಡು ಹೋದರು. ಅದಕ್ಕೂ ಎಲ್ಲೋ ಒಬ್ಬ ಗಿರಾಕಿ ಇದ್ದಿರಬೇಕು.

ಆಮೆಯೇ ಬೇಕು ಎಂದು ಹಟ ಹಿಡಿದವರಿಗೆ ಮೈಸೂರು ಮೃಗಾಲಯದ ಪ್ರಾಣಿ ದತ್ತು ಯೋಜನೆಯಂಥವು ಇವೆ. ಪ್ರಾಣಿ ಅಲ್ಲೇ ಇರುತ್ತದೆ, ಮನೆಗೆ ರಸೀದಿ ಬರುತ್ತದೆ. ನಕ್ಷತ್ರ ಆಮೆ ಈಗಾಗಲೇ ಮನೆಯಲ್ಲಿದ್ದರೆ ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ಒಪ್ಪಿಸಿ. ಪುಣ್ಯ ಬರಲೆಂದು ದೇವಸ್ಥಾನದ ಕಲ್ಯಾಣಿಗೋ ಊರ ಕೆರೆಗೋ ಬಿಡಬೇಡಿ. ನೆಲದ ಆಮೆಗೆ ಈಜು ಬರುವುದಿಲ್ಲ, ಮುಳುಗಿ ಸಾಯುತ್ತದೆ.