ದೂರ್ವಾಸರ ಉಪವಾಸ

ಊಟ ಬೇಡವೆನ್ನುವ ಮಕ್ಕಳಿಗೆ ಉಣ್ಣಿಸುವುದರಲ್ಲಿ ನಮ್ಮ ಬಂಧುಬಳಗದಲ್ಲಿ ನನಗೊಂದು ಹೆಸರಿದೆ. ಚಂದಮಾಮನನ್ನು ತೋರಿಸಿ, ಗುಮ್ಮನನ್ನು ಕರೆದು, ಕಾಗೆಗೊಂದು ತುತ್ತು ಗುಬ್ಬಿಗೊಂದು ತುತ್ತು ಎಂದು ಲೆಕ್ಕ ತಪ್ಪಿಸಿ, ಎಂಥ ಹಟಮಾರಿಯ ಹೊಟ್ಟೆಗೂ ಒಂದು ಬಟ್ಟಲು ಮೊಸರನ್ನ ಇಳಿಸಿದವಳು ನಾನು. ಟೆಕ್ಸಾಸಿನ ಮಗಳ ಮನೆಯಲ್ಲಿ ಆ ಹೆಸರಿಗೆ ಸಂಚಕಾರ ತಂದದ್ದು ಗೇಣುದ್ದವೂ ಇಲ್ಲದ ಒಂದು ಓತಿಕ್ಯಾತ.

ಮೊಮ್ಮಗನ ಹುಟ್ಟುಹಬ್ಬಕ್ಕೆ ತಂದ ಬಿಯರ್ಡೆಡ್ ಡ್ರ್ಯಾಗನ್ ಮರಿ ಅದು. ಮೂಲಸ್ಥಾನ ಆಸ್ಟ್ರೇಲಿಯಾದ ಒಣ ಒಳನಾಡು. ಆ ದೇಶ ತನ್ನ ಕಾಡುಜೀವಿಗಳನ್ನು ವ್ಯಾಪಾರಕ್ಕೆಂದು ಹೊರಗೆ ಬಿಡುವುದಿಲ್ಲವಾದ್ದರಿಂದ ಅಂಗಡಿಯ ಮರಿಗಳೆಲ್ಲ ಅಮೆರಿಕದಲ್ಲೇ ಮೊಟ್ಟೆಯೊಡೆದವಂತೆ. ಅಂದರೆ ನನ್ನ ಮೊಮ್ಮಗನ ಹಾಗೆ ಹುಟ್ಟಿನಿಂದಲೇ ಅಲ್ಲಿಯ ಪ್ರಜೆ. ಸಿಟ್ಟು ಬಂದರೆ ಗಂಟಲು ಉಬ್ಬಿಸಿ ಗಡ್ಡವನ್ನು ಕಪ್ಪಗೆ ಮಾಡಿಕೊಳ್ಳುತ್ತದೆ. ನಮ್ಮವರು ಅದನ್ನು ನೋಡಿದ್ದೇ ತಡ, ‘ದೂರ್ವಾಸ’ ಎಂದು ನಾಮಕರಣ ಮುಗಿಸಿದರು.

ಋಷಿಗಳು ಬಂದದ್ದೇ ಉಪವಾಸ ಕೂತರು. ಹೊಸ ಜಾಗ, ಮೊದಮೊದಲು ಹೀಗೇ ಎಂದರು ಅಂಗಡಿಯವರು. ಮಗಳಿಗೆ ಸಮಾಧಾನವಿಲ್ಲ. “ಅಮ್ಮಾ, ನೀನೇ ಏನಾದ್ರೂ ಮಾಡು!”

ಮಾಡುವುದೇನು? ಮೊಟ್ಟೆ ಹಾಕಿದ ಕೇಕನ್ನೂ ಹೊಸಿಲು ದಾಟಿಸದ ಸಂಸಾರ ನಮ್ಮದು. ಈಗ ಬಟ್ಟೆ ಒಗೆಯುವ ಕೋಣೆಯಲ್ಲಿ ಡಬ್ಬದ ತುಂಬ ಜೀರುಂಡೆ ಮರಿಗಳು! ಅವುಗಳಿಗೆ ಕ್ಯಾರೆಟ್ಟಿನ ನೈವೇದ್ಯ. ಅವು ತಿಂದದ್ದೇ ಓತಿಯ ಹೊಟ್ಟೆಗೂ ಸೇರುತ್ತದೆಂಬ ಲೆಕ್ಕಾಚಾರ. ಓತಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳ ಹಾಕಬಾರದೆಂದು ಮೊಮ್ಮಗ ಒಂದೊಂದನ್ನೂ ಆರಿಸುವನು. ಆರಿಸಿದ್ದನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿದರೆ ಸಾಕ್ಷಾತ್ ಸಕ್ಕರೆ ಉದುರಿಸಿದ ಶಂಕರಪೋಳಿ. ಇಷ್ಟೆಲ್ಲ ಉಪಚಾರಕ್ಕೆ ದೂರ್ವಾಸರು ಕಣ್ಣು ಮುಚ್ಚಿಕೊಂಡರು.

ಚಿಮಟದಲ್ಲಿ ಒಂದನ್ನು ಹಿಡಿದು ಮೇಲಿನಿಂದ ಇಳಿಸಿದೆ. ಓತಿ ಓಡಿಹೋಗಿ ಕಲ್ಲಿನ ಸಂದಿ ಸೇರಿತು.

“ಅಜ್ಜಿ, ಮೇಲಿಂದ ಕೈ ತರ್ಬಾರ್ದು. ಅದಕ್ಕೆ ನೆತ್ತಿ ಮೇಲೂ ಒಂದು ಕಣ್ಣಿದೆ. ಬೆಳಕು, ನೆರಳು ಅಷ್ಟೇ ಗೊತ್ತಾಗತ್ತೆ. ನಿನ್ನ ಕೈನ ಹದ್ದು ಅಂದ್ಕೊಳತ್ತೆ.”

ದೂರ್ವಾಸನಾಗಿದ್ದವನು ಮುಕ್ಕಣ್ಣನೂ ಆದ! ಮಂಡಿನೋವನ್ನು ಮರೆತು ನೆಲಕ್ಕೆ ಕೂತು ಪಕ್ಕದಿಂದ ಹಿಡಿದೆ. ಆಗ ಅದು ಮುಂಗಾಲೊಂದನ್ನು ಎತ್ತಿ ನಿಧಾನವಾಗಿ ಗಾಳಿಯಲ್ಲಿ ಆಡಿಸಿತು. ಮದುವೆಮನೆಯ ಪಂಕ್ತಿಯಲ್ಲಿ ‘ಸಾಕು ಸಾಕು’ ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತಾರಲ್ಲ, ಆ ಪೈಕಿ ಎಂದುಕೊಂಡು, ಅಭ್ಯಾಸಬಲದಿಂದ ಇನ್ನೊಂದು ಬಡಿಸಿದೆ. ಅದು ಶರಣಾಗತಿಯ ಸನ್ನೆಯಂತೆ. ‘ನಿನ್ನ ತಂಟೆಗೆ ಬರೋಲ್ಲ, ಬಿಟ್ಟುಬಿಡು’ ಎಂದು. ನನಗೆ ಶರಣಾದವರು ಇದುವರೆಗೆ ಉಂಡೇ ಎದ್ದಿದ್ದಾರೆ. ಇದು ಹಾಗೂ ಅಲ್ಲ, ಹೀಗೂ ಅಲ್ಲ. ಕೊನೆಗೆ ರಾತ್ರಿ, ಉಳಿದ ಹುಳಗಳನ್ನೆಲ್ಲ ಹುಡುಕಿ ಹೊರಗೆ ತೆಗೆಯುವ ಕೆಲಸ ಬೇರೆ. ಬಿಟ್ಟರೆ ಊಟವೇ ಉಣ್ಣುವವರನ್ನು ಕಚ್ಚುತ್ತದಂತೆ.

ಸರೀಸೃಪಗಳ ವೈದ್ಯೆಯ ಬಳಿಗೆ ಒಯ್ದೆವು. ಆಕೆ ನಾಲಿಗೆ ನೋಡಲಿಲ್ಲ, ಹೊಟ್ಟೆ ಒತ್ತಲಿಲ್ಲ. ಬಿಸಿಲು ಕಾಯುವ ಕಲ್ಲು ಎಷ್ಟು ಬಿಸಿಯಿದೆ ಎಂದಳು. ಅಳಿಯಂದಿರು ಗಾಜಿಗೆ ಅಂಟಿಸಿದ ಥರ್ಮಾಮೀಟರಿನ ಅಂಕಿ ಒಪ್ಪಿಸಿದರು. ಗಾಜಿನದಲ್ಲ, ಕಲ್ಲಿನದು ಬೇಕಂತೆ. ದೀಪದ ಕೆಳಗೆ ಸುಮಾರು 40 ಡಿಗ್ರಿ ಸೆಲ್ಸಿಯಸ್ ಇರಬೇಕು. ಈ ಪ್ರಾಣಿಗೆ ಜಠರಾಗ್ನಿ ಹೊರಗಿನಿಂದ ಬರಬೇಕು. ಮೈ ಕಾಯದೆ ತಿಂದದ್ದು ಅರಗದು, ಅರಗದೆಂದೇ ಹಸಿವೂ ಆಗದು. ಜೊತೆಗೆ ಯುವಿಬಿ ದೀಪವೂ ಬೇಕು, ಇಲ್ಲದಿದ್ದರೆ ಕ್ಯಾಲ್ಸಿಯಂ ಮೈಗೆ ಹತ್ತದೆ ಮೂಳೆ ಮೆತ್ತಗಾಗುತ್ತದೆ. ಹೊರಗೆ ಟೆಕ್ಸಾಸಿನ ಸುಡುಬಿಸಿಲು, ಒಳಗೆ ನಾವೆಲ್ಲ ಎಸಿಯಲ್ಲಿ ಶಾಲು ಹೊದ್ದು, ಮರಳುಗಾಡಿನ ಕೂಸಿಗೆ ಹಸಿವಿಲ್ಲವೆಂದು ಗೋಳಾಡುತ್ತಿದ್ದೆವು!

ಕಲ್ಲನ್ನು ದೀಪಕ್ಕೆ ಹತ್ತಿರ ಮಾಡಿದೆವು. ಮರುದಿನ ದೂರ್ವಾಸರು ಅದರ ಮೇಲೇರಿ ಬಾಯಿ ತೆರೆದು ಮೈ ಕಾಯಿಸಿದರು. ಎದುರಿಗೊಂದು ಜೀರುಂಡೆ ಕುಪ್ಪಳಿಸಿತು. ಕತ್ತು ಒಂದಿಷ್ಟು ಓರೆಯಾಯಿತು. ನಾಲಿಗೆ, ಕರುಂ! ಸಾತ್ವಿಕ ಸಂಸಾರದ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆಮೇಲೆ ಡಬ್ಬ ಎಷ್ಟು ತಂದರೂ ಸಾಲದು.

ಜೀರುಂಡೆಯ ಖರ್ಚು ನೋಡಿ ನಮ್ಮವರು ಗೊಣಗಿದಾಗ ಮೊಮ್ಮಗ ಸಮಾಧಾನ ಹೇಳಿದ: “ದೊಡ್ಡದಾದ ಮೇಲೆ ಜಾಸ್ತಿ ಸೊಪ್ಪು, ಕುಂಬಳಕಾಯಿನೇ ತಿನ್ನತ್ತೆ ತಾತ.”

“ಹಾಗನ್ನು! ಯೌವನದಲ್ಲಿ ಬೇಟೆ, ವಯಸ್ಸಾದ ಮೇಲೆ ವಾನಪ್ರಸ್ಥ. ಹೆಸರು ಸರಿಯಾಗೇ ಇಟ್ಟಿದ್ದೀನಿ,” ಎಂದರು.

“ಅಲ್ಲೀವರೆಗೆ ಇನ್ನೆರಡು ಡಬ್ಬ ಬೇಕು, ತಾತ.”