ಸೋರಿಕಾಯಿ ಶಾವಿಗಿ

ನಮ್ಮ ಕದರಮಂಡಲಗಿಗೂ ಬಂತು ನೋಡ್ರೀ ವೈನಿ, ಈ ಪಾಸ್ತಾ! ಬ್ಯಾಡಗಿ, ರಾಣೆಬೆನ್ನೂರಿಂದ ಪಾಕೀಟ ತಂದು ಹುಡುಗ್ರು ಕುದಿಸ್ತಾವ. ಅದರಾಗ ಹೊಸಾದು ಏನೈತ್ರಿ? ಬ್ಯಾಸಗ್ಯಾಗ ನಾವು ಮಣಿ ಮ್ಯಾಲ ಹೊಸದು ಕೋಲಿಗೆ ಹಾಕಿ ಒಣಗಸೋ ಶಾವಿಗಿ ಅದರ ಅಕ್ಕ. ಎರಡರಾಗೂ ಗೋಧೀನಽ. ಸಕ್ಕರಿ ಬ್ಯಾನಿ ಇರೋ ನಿಮ್ಮ ಮನಿಯವರಿಗೆ ಎರಡೂ ವೈರಿ: ಬೆಂದ ಪಾಸ್ತಾ 100 ಗ್ರಾಂ ತಿಂದ್ರ ಸುಮಾರು 30 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟಿಗೆ ಹೋಗತೈತಿ. ಪ್ಯಾಟಿ ಮಂದಿ ಜುಕಿನಿ ಅನ್ನೋ ಕಾಯೀನ ಎಳಿ ಎಳಿ ಕೊರದು ಅದರ ಬದಲಿ ತಿಂತಾರ. ಅಷ್ಟಽ ಕಾಯಾಗ ಮೂರೋ ನಾಕೋ ಗ್ರಾಂ. ನಮ್ಮ ಸೋರಿಕಾಯಿ ಲೆಕ್ಕಾನೂ ಹಂಗಽ ಐತಿ. ಹಿತ್ತಲಾಗ ಬಳ್ಳಿ ಹಬ್ಬಿರೋವಾಗ ಜುಕಿನಿ ಹುಡುಕೊಂಡು ಯಾಕ ಹೋಗಬೇಕು?

ಉಗುರು ಊರಿದ್ರ ಇಳಿಯೋವಂಥಾ ಎಳೀ ಕಾಯಿ ಆರಸ್ರಿ. ಸಿಪ್ಪಿ ತಗದ ಮ್ಯಾಲ ಒಂದು ಚೂರು ನಾಲಿಗಿಗೆ ಹಚ್ಚಿ ನೋಡ್ರಿ, ಮರೀಬ್ಯಾಡ್ರಿ. ಕಹಿ ಇದ್ರ ಇಡೀ ಕಾಯಿ ತಿಪ್ಪಿಗೆ! ಕುಕುರ್ಬಿಟಾಸಿನ್ ಅಂತಾರ ಆ ವಿಷಕ್ಕ, ಎಷ್ಟು ಬೇಯಿಸಿದ್ರೂ ಹೋಗಂಗಿಲ್ಲ. ವಾಂತಿ, ಭೇದಿ ಹಚ್ಚಿ ಜೀವಕ್ಕಽ ಕುತ್ತು ತಂದೀತು. ಸಕ್ಕರಿ ಬ್ಯಾನಿಗೆ ಕಹೀನಽ ಔಷಧ ಅನ್ನೋರ ಮಾತಿಗೆ ಕಿವಿ ಕೊಡಬ್ಯಾಡ್ರಿ.

ಬೀಜದ ತಿರುಳು ಬಿಟ್ಟು ಸುತ್ತಲಿನ ಗಟ್ಟಿ ಭಾಗಾನ ಉದ್ದಕ್ಕ ಕೊರೀರಿ. ಉಪ್ಪು ಸವರಿ ಹತ್ತು ಹದಿನೈದು ನಿಮಿಷ ಇಟ್ರ ನೀರು ತಾನಽ ಬಿಡತೈತಿ, ಹಿಂಡಿ ತಗೀರಿ. (ಚೆಲ್ಲಬ್ಯಾಡ್ರಿ ಮತ್ತ, ರೊಟ್ಟಿ ಹಿಟ್ಟಿಗೆ ಹಾಕ್ರಿ.) ಅಗಲ ಬಾಣಲಿ, ಜೋರು ಉರಿ, ಬಳ್ಳೊಳ್ಳಿ ಒಗ್ಗರಣಿ, ಎರಡು ಬ್ಯಾಡಗಿ ಮೆಣಸಿನಕಾಯಿ. ಬಣ್ಣ ಬೇಕು, ಖಾರ ಬ್ಯಾಡ ಅಂದ್ರ ನಮ್ಮ ಕಾಯೀನಽ. 2011ರಾಗ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸುಮ್ನ ಸಿಕ್ಕಿಲ್ಲ ಅದಕ್ಕ. ಎರಡು ನಿಮಿಷ ತಿರುವಿ ಇಳಿಸಿಬಿಡ್ರಿ. ಮುಚ್ಚಳ ಮುಚ್ಚಿದ್ರೋ, ಎಳಿ ಕರಗಿ ಸಾರಾಗತೈತಿ! ಮ್ಯಾಲೆ ಶೇಂಗಾ ಪುಡಿ ಉದುರಿಸ್ರಿ, ಇಲ್ಲಾಂದ್ರ ತಾಸಿನಾಗ ಮತ್ತ ಹಸಿವು.

ಹಾಲು-ಬೆಲ್ಲದ ಶಾವಿಗಿ ರುಚಿ ಇದಕ್ಕ ಬರತೈತಿ ಅಂತ ನಾ ಹೇಳಂಗಿಲ್ರಿ. ಶನಿವಾರ ನಮ್ಮೂರ ಹನುಮಪ್ಪ ಕಾಂತೇಶನ ದರ್ಶನಕ್ಕ ಬಂದ ಬೀಗರಿಗೆ ಶಾವಿಗಿ ಅಂತ ಇದನ್ನ ಬಡಿಸಿದ್ರ ಮುನಿಸ್ಕೊಂಡಽ ಹೋಗ್ತಾರ. ರೊಟ್ಟಿ ಪಕ್ಕ ಹಾಕಿದ್ರ ಎರಡ್ನೇ ಸಲ ಕೇಳ್ತಾರ.

ಇನ್ನೊಂದು ಮಾತು. ಗುಳಿಗಿ, ಇನ್ಸುಲಿನ್ ತಗೊಳ್ಳೋರಿಗೆ ಅನ್ನ, ರೊಟ್ಟಿ ಒಮ್ಮಿಂದೊಮ್ಮೆಲೇ ಬಂದ್ ಮಾಡಬಾರದು. ಸಕ್ಕರಿ ದಬಕ್ಕನ ಇಳದು ತಲಿ ತಿರುಗತೈತಿ. ನಿಮ್ಮ ಮನಿಯವರಿಗೆ ಮೊದಲು ಡಾಕ್ಟರನ್ನ ಕೇಳಾಕ ಹೇಳ್ರಿ, ಆಮ್ಯಾಲ ಬಾಣಲಿ ಇಡ್ರಿ.